ಕೊಡೆ ಪಿಚ್ಚರ್‌ನಲ್ಲಿ ಇಲ್ಲದ ಅಜ್ಜಿ

ಹೋದ ವರ್ಷ ದಸರಾ ರಜೆಯಲ್ಲಿ ನಮ್ಮ ಅಜ್ಜಿಗೆ ಎಪ್ಪತ್ತು ತುಂಬಿತು. ಹುಟ್ಟಿದ ತಾರೀಕು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಆಯುಧಪೂಜೆಯ ಆಸುಪಾಸು ಎಂದು ಅಜ್ಜಿಯ ತಾಯಿ ಹೇಳುತ್ತಿದ್ದರಂತೆ. ಅಷ್ಟನ್ನೇ ನೆಪ ಮಾಡಿಕೊಂಡು ನಾವೆಲ್ಲ ಕುಣಿಗಲ್ಲಿನಲ್ಲಿ ಮಾವನ ಮನೆಯಲ್ಲಿ ಸೇರಿದ್ದೆವು. ಅಜ್ಜಿ ಇರುವುದು ಅಲ್ಲೇ. ಮಾವ ಅಂದರೆ ಅಮ್ಮನ ತಮ್ಮ, ಹೈಸ್ಕೂಲ್ ಮೇಷ್ಟ್ರು. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ, ಮರಳೂರಿನಲ್ಲಿ ಅಮ್ಮನ ಜೊತೆ ಇದ್ದೇನೆ. ಮನೆಯ ವಿಷಯ ಹೊರಗೆ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಇದನ್ನು ಅಜ್ಜಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಜ್ಜಿಗೆ ಫಿಲಂ ಸ್ಟಾರ್ ಎಂಬ ಅಡ್ಡಹೆಸರಿದೆ. ಅವರ ತವರು ಗುಬ್ಬಿ. ಅವರಿಗೆ ಹದಿನೇಳೋ ಹದಿನೆಂಟೋ ಇದ್ದಾಗ ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಪ್ಪುಬಿಳುಪು ಚಿತ್ರದ ಶೂಟಿಂಗ್ ನಡೆಯಿತಂತೆ. ಅದರಲ್ಲಿ ತಾನೂ ಬರುತ್ತೇನೆ ಎನ್ನುವುದು ಅಜ್ಜಿಯ ಮಾತು. ಚಿತ್ರದ ನಿಜವಾದ ಹೆಸರು ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆದಿಲ್ಲ, ಕೊಡೆ ಪಿಚ್ಚರ್ ಅಂತಲೇ ರೂಢಿ. ಅಜ್ಜಿ ಹೊಸ ಸೀರೆ ಉಟ್ಟು ಹೊರಗೆ ಬಂದರೆ ಸಾಕು, ಮಾವ "ಲೈಟ್ಸ್ ಆನ್ ಮಾಡ್ರಪ್ಪ, ಅವ್ವ ಬಂದ್ಲು" ಎನ್ನುವುದು, ಅಜ್ಜಿ "ಹೋಗೋ, ನಿಂಗೇನ್ ಗೊತ್ತು" ಎನ್ನುವುದು, ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ನಡೆದುಬಂದ ಜಗಳ. ಚಿತ್ರ ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ಹೋದ ವರ್ಷ ಯಾರೋ ಪುಣ್ಯಾತ್ಮರು ಹಳೆಯ ವಿಡಿಯೊ ಕ್ಯಾಸೆಟ್ಟಿನಿಂದ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದರು. ಅದು ನನ್ನ ಕಣ್ಣಿಗೆ ಬಿತ್ತು.

ಅಜ್ಜಿಗೆ ಅದನ್ನೇ ಉಡುಗೊರೆ ಮಾಡೋಣ ಎಂದುಕೊಂಡೆ. ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಕಾಲೇಜಿನ ಪ್ರೊಜೆಕ್ಟರ್ ತೆಗೆದುಕೊಂಡು ಹೋದೆ. ಧ್ವನಿ ಸರಿಯಾಗಿದೆಯೇ ಎಂದು ಮೊದಲ ಹತ್ತು ನಿಮಿಷ ಮಾತ್ರ ಹಾಕಿ ನೋಡಿದ್ದೆ. ಉಳಿದದ್ದನ್ನು ಅಜ್ಜಿಯ ಪಕ್ಕದಲ್ಲಿ ಕೂತು ನೋಡಬೇಕೆಂದು ಆಸೆ. ಯಾವ ಪ್ರಯೋಗವನ್ನೂ ಮೊದಲು ಒಬ್ಬಳೇ ಮಾಡಿ ನೋಡದೆ ಮಕ್ಕಳ ಮುಂದೆ ಮಾಡದ ನಾನು ಅವತ್ತು ಆ ನಿಯಮ ಮುರಿದೆ.

ಊಟ ಆದ ಮೇಲೆ ಹಾಲಿನ ಕಿಟಕಿಗಳಿಗೆ ಕಂಬಳಿ ಹಾಕಿ, ಗೋಡೆಗೆ ಮಾವನ ಬಿಳಿ ಪಂಚೆ ಕಟ್ಟಿ ಚಿತ್ರ ಹಾಕಿದೆವು. ಅಕ್ಕಪಕ್ಕದ ಮನೆಯವರೂ ಸೇರಿ ಹದಿನೈದು ಜನ ಇದ್ದೆವು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಒಂದು ಸಣ್ಣ ಊರಿನ ಪೋಸ್ಟ್ ಆಫೀಸ್ ಗುಮಾಸ್ತ, ಆ ಊರಿಗೆ ಹೊಸದಾಗಿ ಬಂದ ಟೀಚರಮ್ಮ. ಬಸ್ಸಿನಲ್ಲಿ ಇಬ್ಬರ ಕೊಡೆ ಅದಲುಬದಲಾಗುತ್ತದೆ. ವಾಪಸ್ ಕೊಡಲು ಅವನಿಗೆ ನಾಚಿಕೆ, ಕೇಳಲು ಅವಳಿಗೆ ಬಿಗುಮಾನ. ಅಷ್ಟರಲ್ಲಿ ಊರಿನ ಹೋಟೆಲಿನವನು, ಕ್ಷೌರದವನು, ಬಸ್ ಕಂಡಕ್ಟರ್ ಎಲ್ಲ ಸೇರಿ ಇವರಿಬ್ಬರ ಮದುವೆಯ ಊಟಕ್ಕೆ ಏನೇನು ಮಾಡಿಸಬೇಕೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ತಮಾಷೆಯೆಂದರೆ ಇಡೀ ಚಿತ್ರದಲ್ಲಿ ಒಂದು ಹನಿ ಮಳೆ ಬರುವುದಿಲ್ಲ.

ಬಸ್ ಸ್ಟ್ಯಾಂಡಿನ ದೃಶ್ಯ ಬಂತು. ಗುಮಾಸ್ತ ಬಿಸಿಲಿಗೆಂದು ಎಲ್ಲರ ಎದುರು ಕೊಡೆ ಬಿಚ್ಚುತ್ತಾನೆ. ಅದು ಹೂವಿನ ಚಿತ್ರದ, ಅಂಚಿಗೆ ಲೇಸ್ ಇರುವ ಹೆಂಗಸರ ಕೊಡೆ. ನಿಂತವರೆಲ್ಲ ನಗುತ್ತಾರೆ. ಅಜ್ಜಿ ಮುಂದಕ್ಕೆ ಬಾಗಿ ಕೂತರು. ಬಾಳೆಹಣ್ಣಿನವನು ನಕ್ಕ, ಕಂಡಕ್ಟರ್ ನಕ್ಕ, ಮೂಟೆ ಹೊರುವವನು ನಕ್ಕ. ದೃಶ್ಯ ಮುಗಿಯಿತು.

"ಅವ್ವ, ನೀನು ಬಾಳೆಹಣ್ಣಿನ ಗಾಡಿ ಹಿಂದೆ ಇದ್ಯಾ?" ಎಂದರು ಮಾವ.

"ಸುಮ್ನಿರ್ರೀ" ಎಂದರು ಅತ್ತೆ. ಅವರಿಗೂ ನಗು ಬಂದಿತ್ತು.

ನಾನು ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಮೂರನೆಯ ಸಲ ಅಲ್ಲಲ್ಲಿ ನಿಲ್ಲಿಸಿ ಒಂದೊಂದು ಮುಖವನ್ನೂ ನೋಡಿದೆವು. ಹೆಂಗಸರೇ ಇರಲಿಲ್ಲ. ಆಗ ಎಲ್ಲರೂ ನನ್ನ ಮುಖ ನೋಡಿದರು. ಓದಿದವಳು, ಸರಿಯಾಗಿ ಹೇಳುತ್ತಾಳೆ ಎಂಬ ಭಾವನೆ ಮನೆಯಲ್ಲಿದೆ. ನಾನು ಹೇಳಿದೆ: "ಅಜ್ಜಿ, ನೀನು ಇದರಲ್ಲಿ ಇಲ್ಲ. ಮೂರು ಸಲ ನೋಡಿದೆ. ಖಂಡಿತ ಇಲ್ಲ."

"ಹೌದಾ" ಎಂದರು ಅಜ್ಜಿ. ಆಮೇಲೆ "ಕಾಫಿಗೆ ಇಡ್ತೀನಿ" ಎಂದು ಎದ್ದು ಹೋದರು. ಚಿತ್ರ ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ತೆಗೆದುಕೊಂಡು ಪಕ್ಕದಲ್ಲಿ ಕೂತೆ.

"ಮಗ, ಒಂದ್ ಮಾತು ಕೇಳ್ತೀನಿ. ಆ ಪಿಚ್ಚರ್ ಅಷ್ಟೇನಾ? ಇನ್ನೇನೂ ಮಿಕ್ಕಿಲ್ವಾ?"

"ಅಷ್ಟೇ ಅಜ್ಜಿ."

"ಹಂಗಾದ್ರೆ ನಿಮ್ ತಾತ ನಂಗೆ ಸುಳ್ಳು ಹೇಳಿದ್ರು ಅಂತಾಯ್ತು."

ತಾತ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಮಾತು ಬಹಳ ಕಡಿಮೆ. ಅವರಿಗೂ ಕೊಡೆ ಪಿಚ್ಚರ್‌ಗೂ ಏನು ಸಂಬಂಧ ಎಂದು ನನಗೆ ಅರ್ಥವಾಗಲಿಲ್ಲ.

"ನಾನೆಲ್ಲಿ ನೋಡಿದ್ದೆ ಆ ಪಿಚ್ಚರ್ನ" ಎಂದರು ಅಜ್ಜಿ. "ಗುಬ್ಬಿ ಟೆಂಟ್ ಸಿನ್ಮಾಗೆ ಬಂದಾಗ ನಮ್ಮವ್ವ ಮನೆಯಿಂದ ಆಚೆಗೇ ಬಿಡ್ಲಿಲ್ಲ. ನೋಡಿದ್ದು ನಿಮ್ ತಾತ. ಆಗ ಅವ್ರು ಕ್ಯಾತ್ಸಂದ್ರದಲ್ಲಿ ಹಾಸ್ಟೆಲಲ್ಲಿದ್ಕೊಂಡು ಓದ್ತಿದ್ರು. ತುಮಕೂರಿಗೆ ಬಂದು ನೋಡಿದ್ರಂತೆ. ಮದುವೆ ಆಗಿ ಒಂದ್ ತಿಂಗಳಿಗೆ ಹೇಳಿದ್ರು. ಹೆಣ್ಣು ನೋಡಕ್ಕೆ ಬರೋ ಮುಂಚೇನೇ ನಿನ್ನ ಪಿಚ್ಚರಲ್ಲಿ ನೋಡಿದ್ದೆ, ಗುರುತು ಸಿಕ್ತು, ಅದಕ್ಕೇ ಒಪ್ಕೊಂಡೆ ಅಂತ. ಯಾರಿಗೂ ಹೇಳ್ಬೇಡ ಅಂದ್ರು. ನಾನು ಹೇಳ್ಲಿಲ್ಲ. ಪಿಚ್ಚರಲ್ಲಿದೀನಿ ಅಂತ ಮಾತ್ರ ಅಂತಿದ್ದೆ."

"ಇನ್ನೇನು ಹೇಳಿದ್ರು?"

"ನಾನು ನಗ್ತಿದ್ನಂತೆ. ಹಿಂದ್ಗಡೆ ಒಂದ್ ಮೇಕೆ ನನ್ ದಾವಣಿ ಸೆರಗು ತಿಂತಿತ್ತಂತೆ, ನಂಗೆ ಗೊತ್ತೇ ಇಲ್ವಂತೆ. ಟಾಕೀಸಲ್ಲಿ ಎಲ್ರೂ ಬಿದ್ದೂ ಬಿದ್ದೂ ನಕ್ರಂತೆ."

"ಮೇಕೆನಾ?"

"ಮೇಕೆ ಅಂದಾಗ್ಲೇ ನಂಗೆ ಅನುಮಾನ. ರೇಗಿಸ್ತಿದಾರೆ ಅಂದ್ಕೊಂಡೆ. ಸೆರಗು ಎಳುದ್ರೆ ಗೊತ್ತಾಗಲ್ವಾ ಯಾರಿಗಾದ್ರೂ? ಆದ್ರೆ ಮಿಕ್ಕಿದ್ದು ನಿಜ ಇರ್ಬೌದು ಅಂತಿದ್ದೆ." ಅವರು ಬಿಡಿಸಿದ ಸೊಪ್ಪನ್ನು ಮೊರದಲ್ಲಿ ಒಂದೆಡೆ ಸರಿಸಿದರು. "ನಿಮ್ ತಾತ ನನ್ನ ಯಾತಕ್ಕೂ ಹೊಗಳ್ದೋರಲ್ಲ ಮಗ. ನಲವತ್ತು ವರ್ಷದಲ್ಲಿ ಅದೊಂದ್ ಮಾತು ಹೇಳಿದ್ರು."

ಅಷ್ಟು ಹೇಳಿ ಸೊಪ್ಪು ತೊಳೆಯಲು ಎದ್ದರು. ನಾನು ಹಿಂದಿನ ದಿನ ಹದಿನೈದು ಜನರ ಮುಂದೆ ಏನು ಮಾಡಿದ್ದೆ ಎಂದು ನನಗೆ ಗೊತ್ತಾದದ್ದು ಆಗ.

ತುಮಕೂರಿಗೆ ಬಂದ ಮೇಲೆ ಆ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಓಡಿಸಿ ನೋಡಿದೆ. ಈ ಸಲ ಮುಖಗಳನ್ನು ಹುಡುಕಲಿಲ್ಲ. ಗುಮಾಸ್ತನ ಕೈ ನೋಡಿದೆ. ಕೊಡೆ ಅವನ ತಲೆಯ ಮೇಲೆ ಬಿಚ್ಚಿಕೊಂಡಿದೆ. ಜನ ನಗುತ್ತಾರೆ. ಅವನು ಬಲಕ್ಕೆ ತಿರುಗಿ ಏನನ್ನೋ ನೋಡುತ್ತಾನೆ, ಬಾಯಿ ತೆರೆಯುತ್ತಾನೆ. ಮರುಕ್ಷಣವೇ ಕೊಡೆ ಮಡಿಸಿ ಕಂಕುಳಲ್ಲಿದೆ, ಅವನು ನಡೆದುಹೋಗುತ್ತಿದ್ದಾನೆ. ಹಿನ್ನೆಲೆ ಸಂಗೀತವೂ ಅಲ್ಲಿ ಎಡವಿದ ಹಾಗೆ ಹಾರುತ್ತದೆ. ಎರಡರ ನಡುವೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು, ಪರದೆಯ ಅಡ್ಡಕ್ಕೆ ಒಂದು ಬಿಳಿ ಗೆರೆ. ಯಾರೋ ಫಿಲ್ಮನ್ನು ಕತ್ತರಿಸಿ ಅಂಟಿಸಿದ್ದರು. ಅವನು ಬಲಕ್ಕೆ ತಿರುಗಿ ನೋಡಿದ್ದು ಏನನ್ನು ಎಂಬುದು ಚಿತ್ರದಲ್ಲಿ ಇರಲಿಲ್ಲ.

ಅಜ್ಜಿಗೆ ಫೋನ್ ಮಾಡಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಇನ್ನೊಂದು ಸಲ ಆಸೆ ಹುಟ್ಟಿಸುವುದು ಬೇಡವಾಗಿತ್ತು. ಶನಿವಾರ ಕಾಲೇಜು ಮುಗಿಸಿ ಗುಬ್ಬಿಯ ಬಸ್ಸು ಹತ್ತಿದೆ.

ಟೆಂಟ್ ಇದ್ದ ಜಾಗದಲ್ಲಿ ಈಗ ಗೊಬ್ಬರದ ಗೋಡೌನ್ ಇದೆ. ಎದುರಿನ ಟೈಲರ್ ಅಂಗಡಿಯಲ್ಲಿ ವಿಚಾರಿಸಿದೆ. "ಟೆಂಟ್ ಹೋಯ್ತು, ಓನರ್ ಹೋದ್ರು. ಆಪರೇಟ್ರು ಗಂಗಣ್ಣ ಅವ್ರೆ ನೋಡಿ, ರೈಲ್ವೆ ಸ್ಟೇಷನ್ ರಸ್ತೇಲಿ ಮಿಕ್ಸಿ ರಿಪೇರಿ ಮಾಡ್ತಾರೆ" ಎಂದರು.

ಜಗಲಿಯ ಮೇಲೆ ಅವರ ಹೆಂಡತಿ ಕೂತಿದ್ದರು. ನನ್ನ ಕೈಯಲ್ಲಿ ಮಿಕ್ಸಿ ಇಲ್ಲದ್ದನ್ನು ನೋಡಿ, "ಸಿನ್ಮಾ ಕತೆ ಕೇಳಕ್ಕೆ ಬಂದ್ಯಾ? ಕೂತ್ಕೊ ತಾಯಿ. ಸಾಯಂಕಾಲದ್ ಬಸ್ಸಿಗೆ ಮಾತ್ರ ಎದ್ದೋಗು, ಇಲ್ದಿದ್ರೆ ಮುಗ್ಸಲ್ಲ ಇವ್ರು" ಎಂದರು. ಒಳಗೆ ಬಿಚ್ಚಿಟ್ಟ ಮಿಕ್ಸಿಯ ಮುಂದೆ ಎಪ್ಪತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ. ನಾನು ಸರ್ ಎಂದೆ. "ಸರ್ ಗಿರ್ ಬ್ಯಾಡ ಕಣಮ್ಮ, ಏನಾಗ್ಬೇಕಿತ್ತು?" ಎಂದರು. ಚಿತ್ರದ ಹೆಸರು ಹೇಳಿ, ಗುಬ್ಬಿ ಟೆಂಟಿನಲ್ಲಿ ಅದನ್ನು ಓಡಿಸಿದ್ದು ನೆನಪಿದೆಯೇ ಎಂದು ಕೇಳಿದೆ.

"ಸಾವಿರ ಪಿಚ್ಚರ್ ಓಡ್ಸೀವ್ನಿ. ಯಾವ್ದು ಅಂತ ನೆನಪಿಟ್ಕೊಳ್ಳಾನ."

ಅವರ ಕೈ ಮಾತ್ರ ನಿಂತಿತ್ತು. ಸ್ಕ್ರೂಡ್ರೈವರ್ ತಿರುಗುತ್ತಿರಲಿಲ್ಲ.

"ಬಸ್ ಸ್ಟ್ಯಾಂಡ್ ಸೀನಿನಲ್ಲಿ ಒಂದು ಜಾಯಿಂಟ್ ಇದೆ" ಎಂದೆ.

"ಜಾಯಿಂಟು ಎಲ್ಲಾ ಪ್ರಿಂಟಲ್ಲೂ ಇರ್ತವೆ."

"ಮೇಕೆ ಎಲ್ಲಾ ಪ್ರಿಂಟಲ್ಲೂ ಇರಲ್ಲ."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಮೇಕೆ ವಿಷ್ಯ ನಿಂಗ್ಯಾರಮ್ಮ ಹೇಳಿದ್ದು?"

ಅಲ್ಲಿಯವರೆಗೂ ಮೇಕೆಯನ್ನು ನಾನೂ ಪೂರ್ತಿ ನಂಬಿರಲಿಲ್ಲ. "ನಮ್ಮ ತಾತ" ಎಂದೆ.

"ನಿಮ್ ತಾತ ಎಲ್ಲಿ ನೋಡಿದ್ರು? ಗುಬ್ಬೀಲಿ ಅದ್ನ ಯಾರೂ ನೋಡಿಲ್ಲ. ಕುಣಿಗಲ್ಲಲ್ಲೂ ನೋಡಿಲ್ಲ."

"ತುಮಕೂರಲ್ಲಿ."

ಗಂಗಣ್ಣ ನನ್ನನ್ನು ಚೆನ್ನಾಗಿ ನೋಡಿದರು. "ಯಾರ ಮನೆಯೋಳು ನೀನು?"

ಅಜ್ಜಿಯ ಅಪ್ಪ ಗುಬ್ಬಿಯ ಪೇಟೆ ಬೀದಿಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದರು ಎಂದು ಹೇಳಿದೆ. ಅವರು "ಮದುವೆ ಆಯ್ತಾ?" ಎಂದರು.

"ನಂಗಾ?"

"ನಿಂಗಲ್ಲ ಕಣಮ್ಮ. ಆ ಹುಡುಗೀದು. ಕುಣಿಗಲ್ ಗಂಡು ಗೊತ್ತಾಗಿತ್ತಲ್ಲ, ಅದು ಆಯ್ತಾ?"

"ಆಯ್ತು. ನಾನು ಆ ಹುಡುಗಿಯ ಮಗಳ ಮಗಳು."

ಗಂಗಣ್ಣ ಜಗಲಿಯ ಕಡೆ ತಿರುಗಿ ಕೂಗಿದರು: "ಲೇ, ಆಯ್ತಂತೆ ಕಣೇ."

"ಏನಾಯ್ತು?"

"ಮೇಕೆ ಹುಡುಗಿ ಮದುವೆ."

"ಇಷ್ಟ್ ಬೇಗನಾ?" ಎಂದರು ಆಕೆ ಹೊರಗಿನಿಂದ.

ಆಮೇಲೆ ಗಂಗಣ್ಣ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಲು ಹೋದರೆ ಬಹಳ ಉದ್ದವಾಗುತ್ತದೆ. ಸಂಕ್ಷೇಪವಾಗಿ ಹೇಳುತ್ತೇನೆ. ಚಿತ್ರದ ಪೆಟ್ಟಿಗೆ ಬಂದ ದಿನ ಮಧ್ಯಾಹ್ನ ಆಪರೇಟರ್ ಒಬ್ಬನೇ ಕೂತು ಎಲ್ಲ ರೀಲುಗಳನ್ನೂ ಕೈಯಲ್ಲಿ ಸುತ್ತಿ ಪರೀಕ್ಷೆ ಮಾಡುವುದು ಟೆಂಟಿನ ಪದ್ಧತಿ. ಹರಿದದ್ದನ್ನು ಅಂಟಿಸಬೇಕು. ಕೊನೆಯ ಬಸ್ಸಿಗೆ ಜನ ಹೋಗಬೇಕು ಅನ್ನುವ ಕಾರಣಕ್ಕೆ ಕೆಲವು ಸಲ ಒಂದು ಹಾಡನ್ನು ತೆಗೆದಿಡುವುದೂ ಇತ್ತು. ತೆಗೆದ ತುಂಡನ್ನು ಚೀಟಿ ಬರೆದು ಡಬ್ಬಿಯಲ್ಲಿ ಇಡಬೇಕು. ಪೆಟ್ಟಿಗೆ ಮುಂದಿನ ಊರಿಗೆ ಹೋಗುವ ಮೊದಲು ತೆಗೆದ ಕಡೆಯೇ ಅಂಟಿಸಿ ಕಳಿಸಬೇಕು. "ಅಂಟಿಸ್ದೆ ಕಳ್ಸಿದ್ರೆ ಕಳ್ಳತನ ಮಾಡ್ದಂಗೆ" ಎಂದರು ಗಂಗಣ್ಣ.

ಕೊಡೆ ಪಿಚ್ಚರ್ ಮೊದಲು ತುಮಕೂರಿನಲ್ಲಿ ಓಡಿ, ಕೆಲವು ತಿಂಗಳ ಮೇಲೆ ಗುಬ್ಬಿಗೆ ಬಂದಿತ್ತು. ಅವರು ರೀಲು ಸುತ್ತುತ್ತಿದ್ದಾಗ ಟೆಂಟಿನ ಹಿಂದಿನಿಂದ ಒಬ್ಬ ಹೆಂಗಸು ಒಳಗೆ ಬಂದರಂತೆ. ಅಜ್ಜಿಯ ತಾಯಿ.

"ಸೆರಗೊಡ್ಡಿ ನಿಂತ್ಕೊಂಡ್ರು ಕಣಮ್ಮ. ನಂಗಾಗ ಇಪ್ಪತ್ತೆರಡು ವರ್ಷ, ನನ್ ಮುಂದೆ ಅಷ್ಟು ದೊಡ್ಡೋರು ಹಂಗೆ ನಿಂತಿದ್ದೇ ಇಲ್ಲ. ತುಮಕೂರಲ್ಲಿ ನೋಡ್ಬಂದೋರು ಹೇಳವ್ರೆ, ನಿಮ್ ಹುಡುಗಿ ಹಲ್ಲು ಕಿರ್ಕಂಡು ಸಿನ್ಮಾದಲ್ಲಿ ಬರ್ತಾಳೆ ಅಂತ. ಗಂಡಿನ ಕಡೆಯೋರು ಕುಣಿಗಲ್ನೋರು. ಇಲ್ಲಾದ್ಮೇಲೆ ಪೆಟ್ಟಿಗೆ ಅಲ್ಲಿಗೇ ಹೋಯ್ತದಂತೆ. ಅವ್ರು ನೋಡ್ಬುಟ್ರೆ ಮದುವೆ ನಿಂತೋಯ್ತದೆ ಕಣಪ್ಪ ಅಂದ್ರು. ಏನ್ ಹೇಳಾನ? ಅವ್ರ ಎದುರ್ಗೇ ಕತ್ತರಿಸ್ದೆ."

ಗುಬ್ಬಿಯಲ್ಲಿ ಆ ತುಂಡು ಇಲ್ಲದೆ ಚಿತ್ರ ಓಡಿತು. ಕುಣಿಗಲ್ಲಿಗೂ ಹಾಗೇ ಹೋಯಿತು. ಅಲ್ಲಿ ಒಂದು ವಾರ ಓಡುವುದಿತ್ತು. ಕೊನೆಯ ದಿನ ತಾವೇ ಹೋಗಿ ಅಂಟಿಸಿ ಬರುವುದು ಗಂಗಣ್ಣನ ಲೆಕ್ಕಾಚಾರ. ಫಿಲ್ಮ್ ಅಂಟಿಸುವ ಸಿಮೆಂಟಿನ ಸೀಸೆ ಜೇಬಿನಲ್ಲಿಟ್ಟುಕೊಂಡು ಹೋದರೆ, ಜನ ಬರಲಿಲ್ಲವೆಂದು ನಾಲ್ಕೇ ದಿನಕ್ಕೆ ಪೆಟ್ಟಿಗೆ ಬೇರೆ ಎಲ್ಲಿಗೋ ಹೋಗಿಬಿಟ್ಟಿತ್ತು. ಆ ವರ್ಷವೇ ಅವರು ಇನ್ನೊಂದು ಟೆಂಟಿನ ಜೊತೆ ತುರುವೇಕೆರೆಯ ಕಡೆ ಹೋದರು. ಗುಬ್ಬಿಗೆ ವಾಪಸ್ ಬರುವಷ್ಟರಲ್ಲಿ ಅಜ್ಜಿಯ ತವರಿನವರು ಬೆಲ್ಲದ ಅಂಗಡಿ ಮುಚ್ಚಿ ತಿಪಟೂರಿಗೆ ಹೊರಟುಹೋಗಿದ್ದರು.

"ಮದುವೆ ಆಯ್ತೋ ಇಲ್ವೋ ಯಾರನ್ನ ಕೇಳಾನ? ಕೇಳಿದ್ರೆ ನಿಂಗ್ಯಾಕಪ್ಪ ಅಂತಾರೆ. ಆ ಪ್ರಿಂಟೇ ಊರೂರು ತಿರುಗಿ ಕೊನೇಗೆ ಕ್ಯಾಸೆಟ್ಟಿಗೆ ಹೋಗೈತೆ ಅಂತ ಕಾಣ್ತದೆ. ನಾನ್ ಮಾಡಿದ್ ಜಾಯಿಂಟು ಇನ್ನೂ ನಿಂತೈತೆ ಅಂತೀಯಲ್ಲ." ಆ ಕೊನೆಯ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ತುಂಡು ಏನಾಯಿತು ಎಂದು ಕೇಳಿದೆ. ಅವರು ಅಟ್ಟದಿಂದ ಒಂದು ಹಳೆಯ ಬಿಸ್ಕತ್ ಡಬ್ಬಿ ಇಳಿಸಿದರು. ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. "ಉಪ್ಪಿನಕಾಯಿ ಕೆಟ್ಟೈತೆ ಅಂತ ಎರಡ್ ಸಲ ಎಸ್ಯಕ್ಕೆ ಹೋಗಿದ್ದೆ, ಕೊಲೆ ಮಾಡೋರಂಗೆ ಬಂದ್ರು" ಎಂದರು ಹೆಂಡತಿ. ನನಗೆ ಆ ವಾಸನೆ ಪರಿಚಿತ. ವಿನೆಗರ್‌ನಲ್ಲಿರುವ ಆಮ್ಲವೇ ಅದು. ಹಳೆಯ ಫಿಲ್ಮು ತನ್ನಷ್ಟಕ್ಕೆ ತಾನು ಒಡೆಯತೊಡಗಿದಾಗ ಹೊರಡುತ್ತದೆ. ಇನ್ನು ಕೆಲವು ವರ್ಷ ಕಳೆದಿದ್ದರೆ ಡಬ್ಬಿಯಲ್ಲಿ ನೋಡುವಂಥದ್ದು ಏನೂ ಉಳಿಯುತ್ತಿರಲಿಲ್ಲ.

ಸುರುಳಿ ಒಣಗಿ ಮುರುಟಿಕೊಂಡಿತ್ತು. ಬಿಚ್ಚಬೇಡಿ ಎಂದು ಹೇಳಿ, ಹೊರಗಿನ ತುದಿಯನ್ನು ಮಾತ್ರ ಕಿಟಕಿಯ ಬೆಳಕಿಗೆ ಹಿಡಿದೆ. ಹೆಬ್ಬೆರಳಿನಷ್ಟು ಅಗಲದ ಚೌಕದಲ್ಲಿ ಎರಡು ಜಡೆಯ ಒಬ್ಬ ಹುಡುಗಿ, ಬಾಯಿ ತುಂಬ ನಗು. ಅವಳ ಬೆನ್ನ ಹಿಂದೆ ಕಿವಿ ಇಳಿಬಿಟ್ಟ ಒಂದು ಮೇಕೆ. ಮೇಕೆಯ ಬಾಯಲ್ಲಿ ದಾವಣಿಯ ಸೆರಗು.

ತಾತ ಸುಳ್ಳು ಹೇಳಿರಲಿಲ್ಲ.

ನಾನು ಹೊರಡುವಾಗ ಗಂಗಣ್ಣ ಡಬ್ಬಿಯನ್ನು ಒಂದು ಟವೆಲಿನಲ್ಲಿ ಸುತ್ತಿ ಕೊಟ್ಟರು. "ಇದು ನಂದಲ್ಲ. ಅಂಟಿಸಿ ಕಳಿಸ್ಬೇಕಿತ್ತು, ಆಗ್ಲಿಲ್ಲ. ತಪ್ಪಾಯ್ತು ಅಂತ ನಿಮ್ಮಜ್ಜಿಗೆ ಹೇಳು" ಎಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ಮೂಗು ಮುಚ್ಚಿಕೊಂಡು ಕೊನೆಗೆ ಬೇರೆ ಸೀಟಿಗೆ ಹೋದರು.

ಆಮೇಲಿನ ಮೂರು ವಾರ ತರಗತಿ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಕೂತು ಸುರುಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದೆ. ಆರು ಕಡೆ ಮುರಿಯಿತು. ಎರಡು ಗಾಜಿನ ನಡುವೆ ಇಟ್ಟು, ಕೆಳಗಿನಿಂದ ಬೆಳಕು ಕೊಟ್ಟು, ಒಂದೊಂದು ಚೌಕವನ್ನೂ ಫೋಟೊ ತೆಗೆದೆ. ಒಟ್ಟು ಇನ್ನೂರ ನಾಲ್ಕು. ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಎಂಟೂವರೆ ಸೆಕೆಂಡು. ಧ್ವನಿಯನ್ನು ಉಳಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಜೋಡಿಸಿ ಮೊದಲ ಸಲ ಓಡಿಸಿದಾಗ ಆ ಹುಡುಗಿ ನನ್ನ ಮುಂದೆ ಕದಲಿದಳು. ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಿಂದೆ ಮೇಕೆ ಎಳೆಯಿತು. ಅವಳು ಒಂದು ಹೆಜ್ಜೆ ಹಿಂದಕ್ಕೆ ವಾಲಿದಳು, ಆದರೆ ತಿರುಗಿ ನೋಡಲಿಲ್ಲ. ನಗು ತಡೆಯಲಾಗದೆ ಕೈ ತೆಗೆದು ಇನ್ನೂ ಜೋರಾಗಿ ನಕ್ಕಳು.

ಭಾನುವಾರ ಕುಣಿಗಲ್ಲಿಗೆ ಹೋದೆ. ಮಾವ, ಅತ್ತೆ ಯಡಿಯೂರಿಗೆ ಹೋಗಿದ್ದರು. ಅಜ್ಜಿಯನ್ನು ಅದೇ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ಕನ್ನಡಕ ಕೊಟ್ಟು, ಲ್ಯಾಪ್‌ಟಾಪ್ ಮುಂದಿಟ್ಟೆ. ಏನೆಂದು ಹೇಳಲಿಲ್ಲ.

ಮೊದಲ ಸಲ ಅವರಿಗೆ ತಮ್ಮ ಗುರುತೇ ಸಿಗಲಿಲ್ಲ. "ಯಾರಿದು?" ಎಂದರು. ಎರಡನೆಯ ಸಲ, "ಈ ದಾವಣಿ ನಂದು" ಎಂದರು. ಮೂರನೆಯ ಸಲ ಪರದೆಯ ಮೇಲೆ ಬೆರಳಿಟ್ಟರು.

"ಮೇಕೆ."

"ಹೂಂ ಅಜ್ಜಿ."

"ಮೇಕೆ ಇತ್ತು."

"ಇತ್ತು. ತಾತ ಹೇಳಿದ್ದು ನಿಜ. ಇಲ್ಲ ಅಂತ ನಾನು ಹೇಳಿದ್ದು ತಪ್ಪು."

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ಶುರು ಮಾಡಿದರು. ಆಮೇಲೆ ಕೈ ತೆಗೆದು ಇನ್ನೂ ಜೋರಾಗಿ ನಕ್ಕರು. ಅದೇ ಹುಡುಗಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಸುಧಾರಿಸಿಕೊಂಡು ಹೇಳಿದರು: "ಈ ದಾವಣಿ ಹೆಂಗ್ ಹರೀತು ಅಂತ ನಮ್ಮವ್ವ ಬೆನ್ನಿಗೆ ಎರಡು ಬಿಟ್ಲು ಅವತ್ತು. ಗೊತ್ತಿಲ್ಲ ಕಣವ್ವ ಅಂದೆ. ಸುಳ್ಳು ಬೊಗಳ್ತೀಯ ಅಂತ ಇನ್ನೆರಡು ಬಿಟ್ಲು. ಇವತ್ತು ಗೊತ್ತಾಯ್ತು ನೋಡು."

ಗಂಗಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಅಜ್ಜಿಗೆ ಅದೊಂದೂ ತಿಳಿದಿರಲಿಲ್ಲ. "ನಮ್ಮವ್ವ ಟೆಂಟಿಗೆ ಹೋಗಿದ್ಲಾ? ಜನ್ಮದಲ್ಲಿ ಒಂದ್ ಸಿನ್ಮಾ ನೋಡ್ದೋಳಲ್ಲ" ಎಂದರು. ಆಮೇಲೆ, "ಪಾಪ, ಯಾರು ನೋಡ್ಬಾರ್ದು ಅಂತ ಒದ್ದಾಡಿದ್ಲೋ ಅವ್ರೇ ನೋಡ್ಕೊಂಡು ಬಂದು ತಾಂಬೂಲ ತಗೊಂಡು ಕೂತಿದ್ರು" ಎಂದರು. ಆಮೇಲೆ, "ಇನ್ನೊಂದ್ ಸಲ ಹಾಕು."

ಹನ್ನೊಂದು ಸಲ ಹಾಕಿದೆ.

ಮಾವ ಬರುವ ಹೊತ್ತಾಯಿತು. ಈ ಸಲವೂ ಪ್ರೊಜೆಕ್ಟರ್ ತಂದಿದ್ದೆ, ಗೋಡೆಗೆ ಪಂಚೆ ಕಟ್ಟುತ್ತೇನೆ ಎಂದೆ. ಅಜ್ಜಿ ಬೇಡ ಎಂದರು. "ಅವ್ನು ನಗಾಡ್ಲಿ ಬಿಡು. ನಂಗೆ ಗೊತ್ತಾಯ್ತಲ್ಲ, ಸಾಕು." ನಾನು ಒಪ್ಪಲಿಲ್ಲ. ಇಲ್ಲ ಎಂದು ಎಲ್ಲರ ಮುಂದೆ ಹೇಳಿದವಳು, ಇದೆ ಎಂದು ಎಲ್ಲರ ಮುಂದೆಯೇ ಹೇಳಬೇಕು ಎಂದೆ. ಸ್ವಲ್ಪ ವಾದ ಆದ ಮೇಲೆ ಅಜ್ಜಿ ಒಪ್ಪಿದರು. ಆದರೆ ತಾತನ ಮಾತನ್ನು ಮಾತ್ರ ನಮ್ಮಿಬ್ಬರಲ್ಲೇ ಇಟ್ಟುಕೊಂಡೆವು. ಅವತ್ತು ಬಂದಿದ್ದ ಅಕ್ಕಪಕ್ಕದವರನ್ನೂ ಕರೆದೆ. ಮಾವ ನಿಂತುಕೊಂಡೇ ನೋಡಿದರು. ಎರಡನೆಯ ಸಲ ಕೂತು ನೋಡಿದರು. ಆಮೇಲೆ, "ಅವ್ವ, ಮೇಕೆ ಆಕ್ಟಿಂಗ್ ಪರ್ವಾಗಿಲ್ಲ" ಎಂದರು. ಅವರ ಧ್ವನಿ ಎಂದಿನ ಹಾಗೆ ಇರಲಿಲ್ಲ. ಫಿಲಂ ಸ್ಟಾರ್ ಎಂಬ ಹೆಸರು ಈಗಲೂ ಇದೆ, ಆದರೆ ಈಗ ಅದನ್ನು ಹೇಳುವಾಗ ಮಾವ ನೆಂಟರಿಗೆ ಮೊಬೈಲ್ ತೆಗೆದು ತೋರಿಸುತ್ತಾರೆ.

ಮುಂದಿನ ಸಲ ಗುಬ್ಬಿಗೆ ಹೋದಾಗ ಅಜ್ಜಿ ಮಾಡಿಕೊಟ್ಟ ಕೋಡುಬಳೆಯ ಡಬ್ಬಿ ಗಂಗಣ್ಣನಿಗೆ ತಲುಪಿಸಿದೆ. "ತಪ್ಪೇನಿಲ್ಲ ಅಂತ ಹೇಳು. ಆ ಮೇಕೆ ಯಾರ್ದು ಅಂತ ಕೇಳ್ಕೊಂಡ್ ಬಾ, ದಾವಣಿ ಹೊಸದು" ಎಂದಿದ್ದರು ಅಜ್ಜಿ. ಮೇಕೆ ಯಾರದೆಂದು ಗಂಗಣ್ಣನಿಗೂ ಗೊತ್ತಿಲ್ಲ. ವಿಚಾರಿಸುತ್ತೇನೆ ಎಂದಿದ್ದಾರೆ.

ನಮ್ಮ ಪ್ರಯೋಗಾಲಯದಲ್ಲಿ ಒಂದು ದ್ರಾವಣದಲ್ಲಿ ಹುಡುಕಿದ ವಸ್ತು ಕಾಣದಿದ್ದರೆ, ಮಕ್ಕಳು "ಇಲ್ಲ" ಎಂದು ಬರೆದು ತರುತ್ತಾರೆ. ನಾನು ಹೊಡೆದು ಹಾಕಿ "ಪತ್ತೆಯಾಗಲಿಲ್ಲ" ಎಂದು ತಿದ್ದುತ್ತೇನೆ. ನಿಮ್ಮ ಪರೀಕ್ಷೆಗೆ ಸಿಗಲಿಲ್ಲ ಅಷ್ಟೇ, ಇಲ್ಲ ಎಂದು ಹೇಳಲು ನೀವು ಯಾರು ಎಂದು ಗದರುತ್ತೇನೆ. ಐದು ವರ್ಷದಿಂದ ಹೇಳಿಕೊಡುತ್ತಿದ್ದ ಈ ಪಾಠವನ್ನು ನಾನೇ ಕಲಿತದ್ದು ಹೋದ ವರ್ಷ. ಈಗ ಯಾವ ಮಗುವಿನ ರೆಕಾರ್ಡ್ ಪುಸ್ತಕ ತಿದ್ದುವಾಗಲೂ ಕಾಫಿಗೆ ಇಡಲು ಎದ್ದುಹೋದ ಅಜ್ಜಿಯ ಬೆನ್ನು ಕಣ್ಣ ಮುಂದೆ ಬರುತ್ತದೆ.

ಇದನ್ನು ಬರೆಯಲೇ ಎಂದು ಕೇಳಿದಾಗ ಅಜ್ಜಿ ಒಂದು ದಿನ ಯೋಚನೆ ಮಾಡಿದರು. ಕೊನೆಗೆ ಹೇಳಿದರು: "ಬರಿ. ನನ್ ಹೆಸರು ಬೇಡ, ಅವ್ರ ಹೆಸರೂ ಬೇಡ. ಮೇಕೆ ವಿಷ್ಯ ಮಾತ್ರ ಸರಿಯಾಗಿ ಬರಿ. ಅವ್ರು ಹೇಳಿದ್ ಹಂಗೇ ಇತ್ತು ಅಂತ ಬರಿ."

ಅವರು ಹೇಳಿದ ಹಾಗೇ ಇತ್ತು.